ದ್ಯಾವಮ್ಮನ ಕೈಯ ಕೆಮ್ಮಣ್ಣು ಗೀಟು

ಹೂಂ ಅನ್ನೋರು ಹತ್ತಿರ ಬನ್ನಿ, ತೂಕಡಿಸೋರು ಗೋಡೆಗೆ ಒರಗಿಕೊಳ್ಳಿ. ಇದು ನಗೋ ಕತೆ ಅಲ್ಲ, ಮೊದಲೇ ಹೇಳಿಬಿಡ್ತೀನಿ. ಆಮೇಲೆ ಅಜ್ಜಿ ಅಳಿಸಿದಳು ಅಂತ ನನ್ನ ಬೈಬೇಡಿ.

ಒಂದಾನೊಂದು ಕಾಲ, ಒಂದಾನೊಂದು ಊರು. ಊರಿನ ಹೆಸರು ಕೇಳಬೇಡಿ, ಹೇಳಿದರೆ ಆ ಊರಿನವರು ಜಗಳಕ್ಕೆ ಬರ್ತಾರೆ. ಅಲ್ಲಿ ಮುದ್ದಯ್ಯ ಅಂತ ಒಬ್ಬ ಕುಂಬಾರ, ಅವನ ಹೆಂಡತಿ ದ್ಯಾವಮ್ಮ. ಅವನು ತಿಗರಿ ತಿರುಗಿಸೋನು, ಅವಳು ಮಣ್ಣು ತುಳಿಯೋಳು. ಅವರಿಬ್ಬರೂ ಜಗಳ ಆಡಿದ್ದನ್ನು ಕಂಡವರಿಲ್ಲ.

ಆ ಊರ ಕುಂಬಾರರದ್ದು ಒಂದು ಪದ್ಧತಿ. ಆವಿಗೆಯಲ್ಲಿ ಸುಟ್ಟು ತೆಗೆದ ಗಡಿಗೆಗಳನ್ನು ಒಂದೊಂದಾಗಿ ಬೆರಳ ಗೆಣ್ಣಿನಿಂದ ಬಡಿದು ಕೇಳೋರು. ಠಣ್ ಅಂದರೆ ಗಟ್ಟಿ ಗಡಿಗೆ. ಡಬ್ ಅಂದರೆ ಒಳಗೆಲ್ಲೋ ಬಿರುಕು. ಠಣ್ ಅಂದ ಗಡಿಗೆಯ ಕುತ್ತಿಗೆಗೆ ಕೆಮ್ಮಣ್ಣಿನಲ್ಲಿ ಒಂದು ಗೀಟು ಎಳೆಯೋರು. ಗೀಟು ಬಿತ್ತು ಅಂದರೆ ಮುಗೀತು, ಆ ಗಡಿಗೆಯನ್ನು ಇನ್ಯಾರೂ ಬಡಿಯೋ ಹಾಗಿಲ್ಲ. ಬಡಿದರೆ ಕುಂಬಾರನ ಮಾತಿಗೇ ಅವಮಾನ. ಈ ಪದ್ಧತಿ ನೆನಪಿಟ್ಟುಕೊಳ್ಳಿ, ಹಾಳಾಗಿದ್ದೆಲ್ಲ ಇದರಿಂದಲೇ.

ಹೀಗಿರುವಾಗ ಒಂದು ದಿನ ದ್ಯಾವಮ್ಮನ ಒಡಹುಟ್ಟಿದ ಅಕ್ಕ ಬಾವಿಯಲ್ಲಿ ನೀರು ಸೇದ್ತಾ ಇದ್ದಳು. ಎದೆ ಹಿಡಿದುಕೊಂಡಳು, ಕೂತಳು, ಸತ್ತಳು. ಎಲೆ ಅಡಿಕೆ ಜಗಿಯೋ ಹೊತ್ತಿನೊಳಗೆ ಎಲ್ಲ ಮುಗಿದುಹೋಯ್ತು. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ ಅಂತಾರಲ್ಲ, ಹಾಗೆ.

ಅವತ್ತಿನಿಂದ ದ್ಯಾವಮ್ಮ ತನ್ನ ಎದೆಯ ಸದ್ದನ್ನೇ ಕೇಳಿಸಿಕೊಳ್ಳೋಕೆ ಶುರು ಮಾಡಿದಳು. ಕೇಳಿಸಿಕೊಂಡಷ್ಟೂ ಅದು ಜೋರಾಯ್ತು. ಜೋರಾದಷ್ಟೂ ಇವಳು ಕೇಳಿಸಿಕೊಂಡಳು. ಕೈ ನಡುಗೋದು, ಬೆರಳ ತುದಿ ಜುಮ್ಮೆನ್ನೋದು, ಉಸಿರು ಸಾಲದೆ ಬಾಯಿ ಬಿಡೋದು.

"ಏನೂಂದ್ರೆ, ನಾನೂ ಅಕ್ಕನ ಹಂಗೇ ಹೋಯ್ತೀನಿ," ಅನ್ನೋಳು. ಮುದ್ದಯ್ಯ ಪಾಪ, ಮಣ್ಣಿನ ಕೈಯಲ್ಲೇ ಓಡಿ ಬಂದು ಬೆನ್ನು ನೀವೋನು.

ಒಬ್ಬ ಪಂಡಿತ ಬಂದ, ಪಿತ್ತ ಅಂದ, ಕಷಾಯ ಕೊಟ್ಟ. ಹೋಗಲಿಲ್ಲ. ಒಬ್ಬ ಮಂತ್ರವಾದಿ ಬಂದ, ಅಕ್ಕನ ಗಾಳಿ ಅಂದ, ತಾಯಿತ ಕಟ್ಟಿದ. ಹೋಗಲಿಲ್ಲ. ಮೂರನೆಯವಳು ನಿಂಗಜ್ಜಿ, ಊರಿಗೆಲ್ಲ ಹೆರಿಗೆ ಮಾಡಿಸೋ ಸೂಲಗಿತ್ತಿ. ಅವಳು ಏನೂ ಕೊಡಲಿಲ್ಲ, ಏನೂ ಕಟ್ಟಲಿಲ್ಲ. ಮೂರು ದಿನ ಸುಮ್ಮನೆ ಜೊತೆಗೆ ಕೂತಳು. ಆಮೇಲೆ ಕೇಳಿದಳು.

"ಮಗಾ, ಇದು ನಿಂಗೆ ಯಾವಾಗ ಬತ್ತದೆ? ಹೊರೆ ಹೊತ್ತಾಗಲೋ, ಸುಮ್ಕೆ ಕುಂತಾಗಲೋ?"

"ಕುಂತಾಗ ಅಜ್ಜಿ. ಅಕ್ಕ ನೆಪ್ಪಾದಾಗ."

"ಮಣ್ಣು ತುಳಿಯೋವಾಗ?"

"ಆಗ ಮರ್ತೇ ಹೋಯ್ತದೆ."

"ನಾನು ಮಾತಾಡಿಸ್ತಾ ಕುಂತ್ರೆ?"

"ಇಳಿದೋಯ್ತದೆ."

ನಿಂಗಜ್ಜಿ ಅವಳ ತಲೆ ಸವರಿದಳು. "ಇದು ಅಂಜಿಕೆ ಕಣವ್ವ. ಸುಳ್ಳಲ್ಲ, ನಾಟಕ ಅಲ್ಲ, ಸಂಕಟ ಸಂಕಟವೇ. ಆದ್ರೆ ಎದೆ ಒಡೆದಿಲ್ಲ," ಅಂದಳು. ಹೊಸಿಲು ದಾಟೋವಾಗ ಮುದ್ದಯ್ಯನ ಕಡೆ ತಿರುಗಿದಳು. "ಇವತ್ತು ನೋಡಿದ್ದು ಇವತ್ತಿಗೆ ಕಣಪ್ಪ. ನಾಳೆ ಬೇರೆ ತರ ನೋವು ಅಂದ್ರೆ, ನಾಳೆ ತಿರುಗಾ ಕೇಳು. ಅಂಜೋರಿಗೂ ಕಾಯಿಲೆ ಬತ್ತದೆ."

ಮುದ್ದಯ್ಯ ಇದರಲ್ಲಿ ಎಷ್ಟು ಕೇಳಿಸಿಕೊಂಡ? ಎದೆ ಒಡೆದಿಲ್ಲ ಅನ್ನೋವರೆಗೆ. ಅಲ್ಲಿಂದ ಮುಂದಿನದು ಅವನ ಖುಷಿಯಲ್ಲಿ ತೇಲಿ ಹೋಯ್ತು. ಕೆಮ್ಮಣ್ಣಿನ ಬಟ್ಟಲು ತಂದ, ಹೆಂಡತಿಯ ಎಡ ಮುಂಗೈ ಮೇಲೆ ಒಂದು ಗೀಟು ಎಳೆದ. "ಬಡಿದು ನೋಡಾಯ್ತು ಕಣೇ. ನೀನು ಗಟ್ಟಿ ಗಡಿಗೆ," ಅಂದ. ಎಷ್ಟೋ ತಿಂಗಳ ಮೇಲೆ ದ್ಯಾವಮ್ಮ ನಕ್ಕಳು. ಕೇಳಿ, ನಾನು ಅವನನ್ನು ಬೈಯಲಾರೆ. ಪ್ರೀತಿಯಿಂದ ಎಳೆದ ಗೀಟು ಅದು.

ಮೈ ತೊಳೆದರೆ ಗೀಟು ಹೋಗೋದು, ಅವನು ಮತ್ತೆ ಎಳೆಯೋನು. ಎದೆ ಡವಗುಟ್ಟಿದಾಗೆಲ್ಲ ಅವಳು ಗೀಟು ನೋಡಿಕೊಳ್ಳೋಳು, ಉಸಿರು ಹದಕ್ಕೆ ಬರೋದು. ಹಾಗೆ ಎರಡು ವರ್ಷ ನಡೀತು. ಕೇರಿಯವರಿಗೆಲ್ಲ ಅದೊಂದು ತಮಾಷೆ ಆಯ್ತು. ದ್ಯಾವಮ್ಮ ಸೀನಿದರೂ "ಗೀಟು ಎಲ್ಲವ್ವ?" ಅನ್ನೋರು.

ಮೂರನೇ ವರ್ಷ ಒಂದು ದಿನ ಒಣಗಿದ ಗಡಿಗೆ ಹೊತ್ತು ಆವಿಗೆಯ ದಿಬ್ಬ ಹತ್ತುತ್ತಾ ಇದ್ದಳು. ಎದೆ ಮೇಲೆ ಬೀಸೋ ಕಲ್ಲು ಇಟ್ಟ ಹಾಗಾಯ್ತು. ಎಡತೋಳು ಸೆಳೆಯಿತು. ನಿಂತಳು, ಹೋಯ್ತು. ಹತ್ತಿದಳು, ಬಂತು. ಸಂಜೆ ಗಂಡನ ಹತ್ತಿರ ಹೇಳಿದಳು.

"ಏನೂಂದ್ರೆ, ಇದು ಬೇರೆ ತರ ಅದೆ. ಹೊರೆ ಹೊತ್ರೆ ಬತ್ತದೆ, ಇಳಿಸಿದ್ರೆ ಹೋಯ್ತದೆ."

ನೋಡಿ, ನಿಂಗಜ್ಜಿ ಕೇಳಿದ ಪ್ರಶ್ನೆಗೆ ಈಗ ಉತ್ತರ ತಿರುಗಿಬಿಟ್ಟಿತ್ತು. ಅದನ್ನು ಗಮನಿಸಬೇಕಾದವನು ತಿಗರಿಯಿಂದ ತಲೆ ಎತ್ತಲಿಲ್ಲ. "ಗೀಟು ನೋಡ್ಕೋ," ಅಂದ.

ಎರಡನೇ ಸಲ ಬಂದಾಗ ಪಕ್ಕದ ಮನೆ ಪುಟ್ಟತಾಯಿಗೆ ಹೇಳಿದಳು. "ನಿಂದು ಅದೇ ಹಳೇ ರಾಗ ಬುಡಕ್ಕ," ಅಂತ ಅವಳು ನಕ್ಕಳು. ನಿಂಗಜ್ಜಿಗೆ ಹೇಳೋಣ ಅಂದರೆ ಆ ಮುದುಕಿ ಹಿಂದಿನ ಮಳೆಗಾಲದಲ್ಲೇ ತೀರಿಹೋಗಿದ್ದಳು.

ಮೂರನೇ ಸಲ ನೋವು ಬಂದಾಗ ಯಾರಿಗೆ ಹೇಳಿದಳು? ಹೇಳಿ ನೋಡೋಣ. ಯಾರಿಗೂ ಇಲ್ಲ. ನಗೋರನ್ನು ಕಂಡು ಕಂಡು ಅವಳಿಗೆ ತನ್ನ ನೋವಿನ ಮೇಲೇ ನಂಬಿಕೆ ಹೋಗಿತ್ತು. ಇದೂ ನನ್ನ ಅಂಜಿಕೆಯೇ ಇರಬೇಕು ಅಂದುಕೊಂಡಳು. ಇದಕ್ಕಿಂತ ದೊಡ್ಡ ಅನ್ಯಾಯ ನನಗೆ ಗೊತ್ತಿಲ್ಲ.

ಅವತ್ತು ಮುದ್ದಯ್ಯ ಸಂತೆಗೆ ಹೋಗಿದ್ದ. ಮಧ್ಯಾಹ್ನ ಬಂದು ನೋಡಿದರೆ, ಆವಿಗೆಯ ಹತ್ತಿರ ಗಡಿಗೆಗಳ ಸಾಲಿಗೆ ಒರಗಿ ಹೆಂಡತಿ ಕೂತಿದ್ದಾಳೆ. "ದ್ಯಾವಿ," ಅಂದ. ಮಾತಿಲ್ಲ. "ಲೇ ದ್ಯಾವಿ," ಅಂದ. ಮಾತಿಲ್ಲ. ಮೂರನೇ ಸಲ ಕರೆಯೋಕೆ ಬಾಯಿ ಬರಲಿಲ್ಲ. ಅವಳ ಬಲಗೈ ಕೆಮ್ಮಣ್ಣಿನ ಬಟ್ಟಲಲ್ಲಿತ್ತು. ಎಡಗೈ ಮೇಲೆ ಗೀಟು, ಒಂದಲ್ಲ ಎರಡಲ್ಲ, ಮುಂಗೈಯಿಂದ ಮೊಣಕೈವರೆಗೆ ಗೀಟು. ಎಲ್ಲ ಅವಳೇ ಎಳೆದುಕೊಂಡಿದ್ದು. ಇನ್ನೂ ಆರಿರಲಿಲ್ಲ.

ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರೀತು. ತಿಥಿ ಮುಗಿದ ಮಾರನೆಯ ದಿನ ಮುದ್ದಯ್ಯ ಮನೆಯಲ್ಲಿದ್ದ ಗಡಿಗೆಗಳ ಗೀಟನ್ನೆಲ್ಲ ತೊಳೆದ. ಒಂದೊಂದನ್ನೂ ಬಡಿದ. ಠಣ್ ಅಂದಿದ್ದನ್ನು ಮತ್ತೆ ಬಡಿದ. ಕೊಳ್ಳೋಕೆ ಬಂದವರ ಕೈಗೆ ಗಡಿಗೆ ಕೊಟ್ಟು, "ನಾನು ಬಡಿದಿದ್ದನ್ನ ನಂಬಬ್ಯಾಡಿ. ನೀವೂ ಬಡಿದು ಕೇಳಿ. ನಾಳೆ ತಿರುಗಾ ಕೇಳಿ," ಅನ್ನೋನು. ಹುಚ್ಚು ಹಿಡೀತು ಅಂದರು ಜನ. ಅಂದರೂ ಬಡಿದರು. ಇವತ್ತಿಗೂ ನಾವು ಗಡಿಗೆ ಕೊಳ್ಳೋವಾಗ ಬಡಿದು ಕೇಳ್ತೀವಲ್ಲ, ಅದು ಅಲ್ಲಿಂದ ಬಂದಿದ್ದು.

ಮುದ್ದಯ್ಯನಿಗೆ ಅದರಿಂದ ಏನು ಬಂತು? ಏನೂ ಬರಲಿಲ್ಲ. ಸಾಯೋವರೆಗೂ ಗಡಿಗೆ ಬಡೀತಾ ಇದ್ದ. ಅವನು ಕೇಳಬೇಕಿದ್ದ ದನಿ ಯಾವ ಗಡಿಗೆಯಲ್ಲೂ ಇರಲಿಲ್ಲ.

ನನ್ನ ಕತೆ ಇಲ್ಲಿಗೆ ಒಡೀತು, ನಿಮ್ಮ ಮನೆಯ ಗಡಿಗೆ ಒಡೆಯದಿರಲಿ. ಏಳಿ, ಹೋಗಿ. ಬೆಳಿಗ್ಗೆ ಮನೇಲಿ ಯಾರೋ ನೋಯ್ತದೆ ಅಂದಿದ್ದರಲ್ಲ, ಅವರನ್ನ ಇನ್ನೊಂದು ಸಲ ಕೇಳಿ.