ಮೇಲಿನ ತೋಟದ ವೈನ್

ನಾಳೆ ಸತ್ತವರ ಹಬ್ಬ. ಸಾಲ್ತಾ ನಿಲ್ದಾಣದಲ್ಲಿ ಬೆಟ್ಟದ ಮೇಲಿನ ಮೊಲಿನೋಸ್‌ಗೆ ಹೋಗುವ ಬಸ್ಸಿಗೆ ಕಾಯುತ್ತಿದ್ದ ನಿಯೆವೆಸ್‌ಳ ಪಕ್ಕದ ಬೆಂಚಿನಲ್ಲಿ ಮುದುಕಿಯೊಬ್ಬಳು ತನ್ನ ಮೈದುನನ ಜೊತೆ ಕೂತಿದ್ದಳು. ಮೈದುನ ಚೀಲದಿಂದ ಬಾಟಲಿ ತೆಗೆದು ಲೋಟಕ್ಕೆ ಕೆಂಪು ವೈನ್ ಬಗ್ಗಿಸಿದ.

"ಕುಡೀರಿ ಅತ್ತಿಗೆ. ಅಣ್ಣ ಮಾಡಿದ ಕೊನೇ ವೈನು."

"ಮಸಿ ಇದ್ದಂಗಿದೆಯಲ್ಲೋ!"

"ಮೇಲಿನ ತೋಟದ್ದಲ್ವಾ? ಆ ಎತ್ತರದಲ್ಲಿ ಹಗಲು ಸುಡೋ ಬಿಸಿಲು, ರಾತ್ರಿ ಕೊರೆಯೋ ಚಳಿ. ದ್ರಾಕ್ಷಿ ಸಿಪ್ಪೆ ದಪ್ಪಗಾಗುತ್ತೆ."

"ನಂಗೇ ಹೇಳ್ಕೊಡ್ತೀಯಾ? ಆ ಬಳ್ಳಿ ನೆಟ್ಟೋಳು ನಮ್ಮಜ್ಜಿ. ಹೇಸರಗತ್ತೆ ಮೇಲೆ ಕಡ್ಡಿ ಹೇರ್ಕೊಂಡು ಬಂದಿದ್ಳು."

ಅವಳು ಒಂದು ಗುಟುಕು ಕುಡಿದು ಲೋಟ ಕೆಳಗಿಟ್ಟಳು.

"ಈ ಸುಗ್ಗಿ ಮುಗಿಸಿ ನಿಮ್ಮ ಹತ್ರ ಇಳಿದು ಬರ್ತೀನಿ ಅಂದಿದ್ದ ಅಣ್ಣ, ಅತ್ತಿಗೆ."

"ಮೂರು ವರ್ಷದಿಂದ ಪ್ರತಿ ಸುಗ್ಗೀಲೂ ಹಂಗೇ ಅಂತಿದ್ರು."

"ಬಳ್ಳಿ ಬಿಟ್ಟು ಬರೋಕೆ ಮನಸಾಗ್ಲಿಲ್ಲ."

"ನನ್ನ ಬಿಟ್ಟಿರೋಕೆ ಆಯ್ತಲ್ಲ! ಈ ಸಲ ನಾನೂ ಬರ್ತೀನೋ. ಮಣ್ಣು ಹಾಕೋಕೂ ಆಗ್ಲಿಲ್ಲ ನಂಗೆ."

"ಘಟ್ಟ ಹತ್ತಿದ್ರೆ ನಿಮ್ಮೆದೆ ತಡೆಯಲ್ಲ ಅಂತ ಡಾಕ್ಟ್ರು ಹೇಳಿದಾರಲ್ಲ."

"ಅಲ್ಲೇ ನಲವತ್ತು ವರ್ಷ ಸಂಸಾರ ಮಾಡ್ದೆ, ಆಗ ತಡೀತು."

"ಅತ್ತಿಗೆ, ಬೇಡ. ಕೈ ಮುಗೀತೀನಿ."

ಬಸ್ಸು ಬಂತು. ಮುದುಕಿ ಬಾಟಲಿಗೆ ಬಿರಡೆ ಹಾಕಿ ಅವನ ಕೈಗಿಟ್ಟಳು.

"ನೀವಿಟ್ಕೊಳ್ಳಿ. ನಿಮಗಂತಲೇ ತಂದಿದ್ದು."

"ಒಂದು ಗುಟುಕು ಸಾಕು. ಮಿಕ್ಕಿದ್ದು ಅವರ ಗೋರಿ ಮೇಲೆ ಸುರಿ. ಬೈದ್ಳು ಅಂತ ಹೇಳ್ಬೇಡ. ಚೆನ್ನಾಗಿದೆ ಅಂದ್ಳು ಅಂತ ಹೇಳು."

ಮೈದುನನ ಹಿಂದೆಯೇ ನಿಯೆವೆಸ್ ಬಸ್ಸು ಹತ್ತಿದಳು. ಬಾಗಿಲ ಸರಳು ಹಿಡಿದು ನಿಂತಿದ್ದ ಮುದುಕಿ, ಕಂಡಕ್ಟರ್ ಎರಡು ಸಲ ಹೇಳಿದ ಮೇಲೆ ಕೈ ಬಿಟ್ಟಳು.