ಕಮಾನಿನ ಆ ಎಳೆತ

ಆಸ್ಪತ್ರೆಯ ಚೀಟಿ ಕೌಂಟರಿನ ಹೆಂಗಸಿಗೆ ಎದುರು ಬೆಂಚಿನ ಮಾತು ಕಿವಿಗೆ ಬೀಳುತ್ತಿತ್ತು. ನಡುಗುವ ಬಲಗೈಯನ್ನು ಎಡಗೈಯಲ್ಲಿ ಅದುಮಿ ಹಿಡಿದ ಮುದುಕರು, ಪಕ್ಕದಲ್ಲಿ ಮಗಳು. ಅವಳ ಫೋನಿನಲ್ಲಿ ಹೊಸ ತಮಿಳು ಸಿನಿಮಾದ ಹಾಡು.

“ಅಪ್ಪಾ, ಇದು ನಿಮ್ಮ ಮೇಷ್ಟ್ರ ಹಾಡಿನ ಹಾಗೇ ಇದೆಯಲ್ಲ?”

“ಪಲ್ಲವಿ ಅವರ ಧಾಟಿ. ಕೊಳಲು ಅವರಿಗಿಂತ ಹಿಂದಿನವರದ್ದು.”

“ಹಾಗಾದ್ರೆ ಇದರ ಸಂಗೀತ ನಿರ್ದೇಶಕ ಕದ್ದಿದಾನೆ ಅನ್ನಿ.”

“ಕದಿಯೋದೇನು ಬಂತು? ಹನ್ನೆರಡು ವರ್ಷ ಮೇಷ್ಟ್ರ ವಾದ್ಯವೃಂದದಲ್ಲಿ ನಮ್ಮ ಜೊತೆ ಕೂತು ನುಡಿಸಿದೋನು. ಕಿವಿಗೆ ಹತ್ತಿದ್ದು ಎಲ್ಲಿಗೆ ಹೋಗುತ್ತೆ?”

“ಮತ್ತೆ ಈ ಪಿಟೀಲು?”

ಮುದುಕರು ಫೋನಿನ ಕಡೆ ಬಾಗಿ ಕಿವಿಗೊಟ್ಟರು.

“ಯಾರೋ ಹೊಸಬರು ನುಡಿಸಿದಾರೆ. ಕಮಾನಿನ ಎಳೆತ ಮಾತ್ರ ನಂದು.”

“ಬೇಜಾರಾಗಲ್ವಾ?”

“ಬೇಜಾರಿಗೂ ತ್ರಾಣ ಬೇಕು ಕಣಮ್ಮ. ಇನ್ನೊಂದ್ಸಲ ಹಾಕು.”

ಅವರ ಸರದಿ ಬಂದಿತ್ತು. ಕೌಂಟರಿನ ಹೆಂಗಸು ಹಾಡು ಮುಗಿಯುವವರೆಗೂ ಕಾದು, ಆಮೇಲೆ ನಂಬರು ಕರೆದಳು. ಅಪ್ಪ ಮಗಳು ಎದ್ದು ಒಳಗೆ ಹೋದರು.