ಎಮಿಲ್ ಕೂಡಿಸಿದ ಬಚ್ಚಲ ಪೈಪು

ಹೆಸರು: ಬರ್ನಡೀನ್ ಹ್ಲಾವಾಚ್, ಗಂಡ ಎಮಿಲ್ ಹ್ಲಾವಾಚ್. ವಯಸ್ಸು: 46. ಕೆಲಸ: ಶಾಲೆಯಲ್ಲಿ ಅಡುಗೆ. ವಾಸ: 31, ಕ್ವಾರಿ ರಸ್ತೆ, ಹ್ಯಾರೋ ಹಿಲ್, ಪೆನ್ಸಿಲ್ವೇನಿಯಾ.

ಯಾರ ಒತ್ತಾಯವೂ ಇಲ್ಲದೆ ಠಾಣೆಗೆ ಬಂದು ಈ ಮೂಲಕ ತಿಳಿಸುವುದೇನೆಂದರೆ, ನನ್ನ ಗಂಡ ಉಕ್ಕಿನ ಕಾರ್ಖಾನೆಯಲ್ಲಿ ಕುಲುಮೆ ಕೆಲಸಗಾರ. ನಮ್ಮ ಬೀದಿಯ ಗಂಡಸರು ಪಾಳಿ ಮುಗಿಸಿ ಬಂದರೆ ನೆಲಮಾಳಿಗೆಯಲ್ಲೇ ಮಸಿ ತೊಳೆದುಕೊಂಡು ಮೇಲೆ ಬರುವುದು ವಾಡಿಕೆ. ಕಳೆದ ಆಗಸ್ಟ್‌ನಲ್ಲಿ ಅಲ್ಲಿನ ಶವರಿನ ನೀರು ಹೋಗುವ ಪೈಪು ಕಟ್ಟಿಕೊಂಡಿತು. ಪ್ಲಂಬರನ್ನು ಕರೆಯೋಣ ಎಂದೆ. ನಮ್ಮ ಬೀದಿಯಲ್ಲಿ ಅದು ಗಂಡಸಿಗೆ ಅವಮಾನ. "ಯಾಕೆ, ನನ್ನ ಕೈಯೇನು ಬಿದ್ದೋಗಿದ್ಯಾ?" ಎಂದ.

ಶನಿವಾರ ಮೂವರು ಗೆಳೆಯರನ್ನು ಕರೆತಂದ. ಕಾಂಕ್ರೀಟ್ ನೆಲ ಒಡೆದು, ಸರಿಯಾಗಿ ವಾಟ ಕೊಟ್ಟು, ಒಳಚರಂಡಿಗೆ ಪೈಪು ಕೂಡಿಸಬೇಕಿತ್ತು. ಸುತ್ತಿಗೆ ಎತ್ತಿದ್ದೇ ತಡ ಮಹಾಶಯರಿಗೆ ಏದುಸಿರು ಬಂತು. ಬಿಯರ್ ಕುಡಿದರು, ನಾನು ಮಾಡಿದ ಎಲೆಕೋಸಿನ ಹಲುಷ್ಕಿ ತಿಂದರು, ಮತ್ತೆ ಕುಡಿದರು. ಕೊನೆಗೆ, ನೆಲಮಾಳಿಗೆಗೆ ಒಸರುವ ಮಳೆನೀರು ಸೇರಲೆಂದು ಮೂಲೆಯಲ್ಲಿ ತೋಡಿದ್ದ ಗುಂಡಿಗೆ ಪೈಪು ಇಳಿಬಿಟ್ಟು, ಒಬ್ಬರ ಬೆನ್ನು ಒಬ್ಬರು ತಟ್ಟಿಕೊಂಡರು. ಆ ಗುಂಡಿ ತುಂಬಿದರೆ ಪಂಪು ನೀರನ್ನು ಗೋಡೆಯಾಚೆ ಎಸೆಯುತ್ತದೆ. ಗೋಡೆಯಾಚೆ, ಆರಡಿ ಕೆಳಗೆ, ವಿಧವೆ ರೋಜಾಲಿಯಾ ಪೆತ್ರುಷ್ಕಾ (72) ಅವರ ಮನೆಯ ಮೆಟ್ಟಿಲುಗಳಿವೆ. ಇದನ್ನು ತಿಳಿಯಲು ಬುದ್ಧಿ ಬೇಕಿಲ್ಲ, ಕಣ್ಣಿದ್ದರೆ ಸಾಕು.

ನವೆಂಬರ್‌ನಲ್ಲಿ ರೋಜಾಲಿಯಾ ಬೇಲಿ ಹತ್ತಿರ ಬಂದರು.

"ಎಮಿಲ್, ನಿನ್ನ ಬಚ್ಚಲ ನೀರು ನನ್ನ ಮೆಟ್ಟಿಲಿಗೆ ಬರ್ತಿದೆ ಕಣಪ್ಪಾ. ಸೋಪಿನ ವಾಸನೆ ಹೊಡೀತಿದೆ."

"ಅದು ಮಳೆನೀರು ಅಜ್ಜಿ. ನಿಮ್ಮ ಮೂಗಿಗೆ ವಯಸ್ಸಾಯ್ತು," ಎಂದು ನನ್ನ ಗಂಡ ನಕ್ಕ.

ಆ ವಾರ ಮಳೆಯೇ ಬಂದಿರಲಿಲ್ಲ. ನಾನು ಹಾಗೆಂದಾಗ, ಹೋಗಿ ಸಾರು ಕಲಕು ಎಂದು ನನಗೆ ಹೇಳಿದ.

1974ರ ಜನವರಿ 17ರ ಬೆಳಿಗ್ಗೆ 7.20ಕ್ಕೆ ಆತ ರಾತ್ರಿ ಪಾಳಿ ಮುಗಿಸಿ ಬಂದು ಶವರಿಗೆ ನಿಂತ. ಹೊರಗೆ ಚೀರಾಟ ಕೇಳಿ ಓಡಿದೆ. ರೋಜಾಲಿಯಾ ಮಂಜುಗಟ್ಟಿದ ಮೆಟ್ಟಿಲ ಮೇಲೆ ಬಿದ್ದಿದ್ದರು. ಸೊಂಟದ ಮೂಳೆ ಮುರಿದಿತ್ತು. ಎತ್ತಲು ಹೋದರೆ ಕಿರುಚುತ್ತಿದ್ದರು. ಗೋಡೆಯಲ್ಲಿನ ಪಂಪಿನ ಪೈಪಿನಿಂದ ನೊರೆನೀರು ಹಬೆಯಾಡುತ್ತಾ ಅವರ ಬೆನ್ನಡಿಗೆ ಹರಿಯುತ್ತಿತ್ತು, ಕೋಟಿನ ಅಂಚು ಆಗಲೇ ಕಲ್ಲಿಗೆ ಹೆಪ್ಪುಗಟ್ಟಿತ್ತು. ನಾನು ನೆಲಮಾಳಿಗೆಗೆ ಓಡಿ, ನೀರು ನಿಲ್ಲಿಸು, ಅಜ್ಜಿ ಬಿದ್ದಿದಾರೆ ಎಂದು ಕೂಗಿದೆ.

"ಕಣ್ಣಲ್ಲಿ ಸೋಪಿದೆ ಕಣೇ, ಎರಡು ನಿಮಿಷ ತಡಿ," ಎಂದ.

ಮನೆಯ ನೀರಿನ ವಾಲ್ವನ್ನು ನಾನೇ ತಿರುಗಿಸಿದೆ. ಮೈತುಂಬ ಸೋಪು ಮೆತ್ತಿಕೊಂಡು ನನ್ನನ್ನು ಬೈದ ಆ ಆಸಾಮಿಯ ಜೊತೆ ಇಪ್ಪತ್ತೆರಡು ವರ್ಷ ಬಾಳಿದ್ದೇನೆಂದು ಹೇಸಿಗೆಯಾಯಿತು.

ಅದೇ ಸಂಜೆ ಆತ ನಿಮ್ಮ ಅಧಿಕಾರಿಯ ಮುಂದೆ, ಮುದುಕಿಗೆ ಅರುಳುಮರುಳು, ಮೆಟ್ಟಿಲು ತೊಳೆಯಲು ತಾನೇ ನೀರು ಸುರಿದುಕೊಂಡು ಬಿದ್ದಳು ಎಂದು ಹೇಳಿಕೆ ಕೊಟ್ಟ. ಅದನ್ನು ನಂಬಿ ರೋಜಾಲಿಯಾ ಅವರ ಮಗ ತಾಯಿಯನ್ನು ವೃದ್ಧಾಶ್ರಮಕ್ಕೆ ಸೇರಿಸಿ ಮನೆ ಮಾರಲು ಹೊರಟಿದ್ದಾನೆ. ನಾನೂ ಹಾಗೇ ಹೇಳಬೇಕೆಂದು ಗಂಡ ತಾಕೀತು ಮಾಡಿದ್ದಾನೆ.

ನಿನ್ನೆ ಆಸ್ಪತ್ರೆಗೆ ಹೋಗಿದ್ದೆ. ರೋಜಾಲಿಯಾ ನನ್ನ ಕೈ ಹಿಡಿದುಕೊಂಡು, "ಎಲ್ಲರೂ ಹಾಗೇ ಅಂತಾರೆ ಮಗಳೇ. ನಾನೇ ಸುರಿದ್ನೋ ಏನೋ, ನೆನಪೇ ಬರ್ತಿಲ್ಲ," ಎಂದರು.

ಅವರು ಸುರಿಯಲಿಲ್ಲ. ಅದನ್ನು ದಪ್ಪ ಅಕ್ಷರದಲ್ಲಿ ಬರೆದುಕೊಳ್ಳಿ.

ಮೇಲಿನದನ್ನು ನನಗೆ ಓದಿ ಹೇಳಿದ್ದಾರೆ. ಎಲ್ಲವೂ ನಾನು ಕಣ್ಣಾರೆ ಕಂಡ, ಕಿವಿಯಾರೆ ಕೇಳಿದ ಸತ್ಯ. ಇದರ ಒಂದು ಪ್ರತಿಯನ್ನು ರೋಜಾಲಿಯಾ ಅವರಿಗೂ ಓದಿ ಹೇಳಬೇಕೆಂದು ಕೋರುತ್ತೇನೆ.

ಸ್ಥಳ: ಹ್ಯಾರೋ ಹಿಲ್
ದಿನಾಂಕ: 20-1-1974
ಸಹಿ: ಬರ್ನಡೀನ್ ಹ್ಲಾವಾಚ್